ಸೀಟಿಗೆ ಲಕ್ಷಗಟ್ಟಲೆ, ಟೆಸ್ಟಿಗೆ ದಿನಕ್ಕೊಂದು ಗಂಟೆ

ಜುಲೈ-ಆಗಸ್ಟ್ ಬಂತೆಂದರೆ ಊರಿನ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಕ್ಯಾಂಪಸ್ ಸೀಸನ್ ಶುರು. ಅದರ ಬಿಸಿ ಇಲ್ಲಿ ನಮ್ಮ ರೂಮುಗಳಿಗೂ ತಟ್ಟುತ್ತದೆ. ಶುಕ್ರವಾರ ಊಟ ಮುಗಿಸಿ ಮನೆಗೆ ಫೋನ್ ಮಾಡಿದವರ ಮುಖ ನೋಡಿದರೆ ಸಾಕು, ಅಲ್ಲಿ ಏನಾಯಿತೆಂದು ಗೊತ್ತಾಗುತ್ತದೆ. "ಮಗ ಫಸ್ಟ್ ರೌಂಡಲ್ಲೇ ಹೊರಗೆ ಬಂದನಂತೆ. ಇಂಟರ್‌ವ್ಯೂ ತನಕ ಹೋಗ್ಲೇ ಇಲ್ಲ. ಅದೆಂತದೋ ಆಪ್ಟಿಟ್ಯೂಡ್ ಅಂತೆ. ಆರು ಸೆಮಿಸ್ಟರ್ ಒಂದೂ ಬಾಕಿ ಇಲ್ಲದೆ ಪಾಸಾದವನಿಗೆ ಅದೆಂತ ಮಾರಾಯ ಹೊಸ ಪರೀಕ್ಷೆ?"

ನಾನು ಇಲ್ಲಿ ಐಟಿ ಕೆಲಸದಲ್ಲಿರುವವನೆಂಬ ಕಾರಣಕ್ಕೆ ಈ ಪ್ರಶ್ನೆಯನ್ನು ಬಹಳ ಮಂದಿ ನನ್ನ ಹತ್ತಿರ ಕೇಳಿದ್ದಾರೆ. ಒಬ್ಬೊಬ್ಬರಿಗೆ ಬೇರೆ ಬೇರೆಯಾಗಿ ಹೇಳುವ ಬದಲು ಇಲ್ಲೇ ಬರೆದುಬಿಡುತ್ತೇನೆ. ಓದಿದ ಮೇಲೆ ಇದನ್ನು ಊರಿಗೆ ಫೋಟೋ ತೆಗೆದು ಕಳಿಸಿ, ಮಕ್ಕಳೂ ಓದಲಿ.

ಮೊದಲಿಗೆ ಲೆಕ್ಕ ನೋಡಿ. ಮ್ಯಾನೇಜ್‌ಮೆಂಟ್ ಕೋಟಾದಲ್ಲಿ ಸೀಟು ತೆಗೆದುಕೊಂಡವರಿಗೆ ನಾಲ್ಕು ವರ್ಷದಲ್ಲಿ ಎಷ್ಟು ಲಕ್ಷ ಹೋಯಿತೆಂದು ನಾನು ಹೇಳಬೇಕಾಗಿಲ್ಲ, ಆ ದುಡ್ಡು ಕಳಿಸಿದ ಕೈಗಳೇ ಇದನ್ನು ಓದುತ್ತಿವೆ. ಓವರ್‌ಟೈಮ್ ಮಾಡಿ, ಊರಿಗೆ ಹೋಗುವ ರಜೆಯನ್ನು ಮುಂದಕ್ಕೆ ಹಾಕಿ, ಚಿನ್ನ ಬ್ಯಾಂಕಿನಲ್ಲಿಟ್ಟು ಕಟ್ಟಿದ ಫೀಸು ಅದು. ಆದರೆ ಆ ಫೀಸು ಮಗನನ್ನು ಪರೀಕ್ಷೆಯ ಬಾಗಿಲವರೆಗೆ ಮಾತ್ರ ತಂದು ನಿಲ್ಲಿಸುತ್ತದೆ. ಅಲ್ಲಿಂದ ಒಳಗೆ ಹೋಗಲು ಬೇಕಾದದ್ದನ್ನು ದುಡ್ಡು ಕೊಟ್ಟು ತರಲು ಆಗುವುದಿಲ್ಲ. ಅದಕ್ಕೆ ಬೇಕಿರುವುದು ದಿನಕ್ಕೆ ಒಂದು ಗಂಟೆ, ಅದೂ ಮೂರನೇ ವರ್ಷದ ಶುರುವಿನಿಂದ. ಒಂದು ವರ್ಷದಲ್ಲಿ ಮುನ್ನೂರು ದಿನ ಕೂತರೂ ಮುನ್ನೂರು ಗಂಟೆ. ನಮ್ಮ ಹೆಚ್ಚಿನ ಮಕ್ಕಳು ಕೊಡುವುದು ಪರೀಕ್ಷೆಯ ಹಿಂದಿನ ದಿನ ರಾತ್ರಿಯ ನಾಲ್ಕು ಗಂಟೆ, ಯೂಟ್ಯೂಬ್ ನೋಡಿಕೊಂಡು.

ಈ ಟೆಸ್ಟಿನಲ್ಲಿ ಇರುವುದೇನು? ದೊಡ್ಡ ಕಂಪನಿಗಳಲ್ಲಿ ಹೆಸರು ಬೇರೆ, ಹೂರಣ ಹೆಚ್ಚುಕಡಿಮೆ ಒಂದೇ. ಟಿಸಿಎಸ್‌ನವರ ಎನ್‌ಕ್ಯೂಟಿ ಇರಲಿ, ಇನ್ಫೋಸಿಸ್, ವಿಪ್ರೋ, ಕಾಗ್ನಿಜೆಂಟ್‌ನವರ ಪರೀಕ್ಷೆ ಇರಲಿ, ಆಮ್‌ಕ್ಯಾಟ್‌ನಂಥ ಸಾಮಾನ್ಯ ಪರೀಕ್ಷೆ ಇರಲಿ, ಲೆಕ್ಕ, ತರ್ಕ, ಇಂಗ್ಲಿಷ್, ಕೋಡಿಂಗ್, ಈ ನಾಲ್ಕನ್ನೇ ತಿರುಗಿಸಿ ಮುರುಗಿಸಿ ಕೇಳುತ್ತಾರೆ. ಅದಕ್ಕೂ ಮೊದಲು ಒಂದು ಜರಡಿ ಇದೆ: ಹತ್ತನೇ ಕ್ಲಾಸು, ಪಿಯುಸಿ, ಡಿಗ್ರಿ ಮೂರರಲ್ಲೂ 60 ಶೇಕಡಾ ಇರಬೇಕು, ಬ್ಯಾಕ್‌ಲಾಗ್ ಉಳಿದಿರಬಾರದು ಎಂದು ಹಲವು ಕಂಪನಿಗಳು ಕೇಳುತ್ತವೆ. ಪಿಯುಸಿಯಲ್ಲಿ 57 ಬಂದ ಹುಡುಗನಿಗೆ ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿ ಹೆಸರು ಬರೆಸಲೂ ಬಿಡುವುದಿಲ್ಲ. ಪಿಯುಸಿ ಮಕ್ಕಳಿರುವ ಮನೆಯವರು ಇದನ್ನು ಈಗಲೇ ತಿಳಿದುಕೊಂಡರೆ ಒಳ್ಳೆಯದು.

ಲೆಕ್ಕದ ಭಾಗ ನೋಡಿ ಹೆದರುವವರೇ ಹೆಚ್ಚು. ಆದರೆ ಅದು ಇಂಜಿನಿಯರಿಂಗ್ ಗಣಿತ ಅಲ್ಲವೇ ಅಲ್ಲ. ಎಂಟು, ಒಂಬತ್ತು, ಹತ್ತನೇ ಕ್ಲಾಸಿನ ಲೆಕ್ಕ: ಪರ್ಸೆಂಟೇಜ್, ಲಾಭ-ನಷ್ಟ, ಅನುಪಾತ, ಕೆಲಸ ಮತ್ತು ದಿನ, ವೇಗ ಮತ್ತು ದೂರ. 12 ಜನ 10 ದಿನದಲ್ಲಿ ಮುಗಿಸುವ ಕೆಲಸವನ್ನು 8 ಜನ ಎಷ್ಟು ದಿನದಲ್ಲಿ ಮುಗಿಸುತ್ತಾರೆ? ಸೈಟಿನಲ್ಲಿ ಫೋರ್‌ಮನ್ ಆಗಿರುವ ಯಾರನ್ನು ಬೇಕಾದರೂ ಕೇಳಿ, ಪೆನ್ನು ಹಿಡಿಯದೆ 15 ಎನ್ನುತ್ತಾರೆ. ಒಟ್ಟು ಕೆಲಸ 120 ಆಳು, ಎಂಟರಿಂದ ಭಾಗಿಸು, ಅಷ್ಟೇ. 100 ರಿಯಾಲಿನ ಸಾಮಾನಿಗೆ 20 ಶೇಕಡಾ ಏರಿಸಿ, ಆಮೇಲೆ 20 ಶೇಕಡಾ ಡಿಸ್ಕೌಂಟ್ ಕೊಟ್ಟರೆ ಏನಾಗುತ್ತದೆ? ಕಾಲೇಜು ಹುಡುಗ "ಸಮ ಸಮ" ಎನ್ನುತ್ತಾನೆ. ಬಖಾಲಾದಲ್ಲಿ ನಿಂತವರು ನಗುತ್ತಾರೆ. 120ರ ಮೇಲೆ 20 ಶೇಕಡಾ ಎಂದರೆ 24. ಕೈಗೆ ಬರುವುದು 96, ನಾಲ್ಕು ರಿಯಾಲ್ ಹೋಯಿತು. ಬ್ಯಾರಿ ಎಂಬ ಹೆಸರೇ ವ್ಯಾಪಾರದಿಂದ ಬಂದದ್ದು ಎಂದು ಹೇಳುವವರಿದ್ದಾರೆ. ಅಂಥ ಮನೆಯ ಮಗ ಲಾಭ-ನಷ್ಟದ ಲೆಕ್ಕದಲ್ಲಿ ಬೀಳುವುದೆಂದರೆ ನನಗಂತೂ ಒಪ್ಪಿಕೊಳ್ಳಲು ಕಷ್ಟ.

ಹಾಗಾದರೆ ಬೀಳುವುದು ಯಾಕೆ? ಹೊತ್ತು ಸಾಲುವುದಿಲ್ಲ, ಅದಕ್ಕೆ. ಒಂದು ಪ್ರಶ್ನೆಗೆ ಸಿಗುವುದು ಒಂದು, ಹೆಚ್ಚೆಂದರೆ ಒಂದೂವರೆ ನಿಮಿಷ. ಗೊತ್ತಿಲ್ಲದ್ದನ್ನು ಬಿಟ್ಟುಬರುವ ಮಕ್ಕಳು ಕಡಿಮೆ. ಗೊತ್ತಿರುವುದಕ್ಕೇ ಐದು ನಿಮಿಷ ತೆಗೆದುಕೊಂಡು, ಕೊನೆಯ ಹತ್ತು ಪ್ರಶ್ನೆ ಕಣ್ಣಿಗೂ ಬೀಳದೆ ಹೊರಗೆ ಬಂದವರೇ ಹೆಚ್ಚು. ಇನ್ನೊಂದು, ಪ್ರಶ್ನೆಯ ಒಳಗೇ ಬಲೆ ಇರುತ್ತದೆ. ಮಂಗಳೂರಿನಿಂದ ಪುತ್ತೂರಿಗೆ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹೋಗಿ, ಅದೇ ದಾರಿಯಲ್ಲಿ 40ರ ವೇಗದಲ್ಲಿ ವಾಪಸ್ ಬಂದರೆ ಸರಾಸರಿ ವೇಗ ಎಷ್ಟು? ನಾಲ್ಕು ಉತ್ತರಗಳಲ್ಲಿ 50 ಇದ್ದೇ ಇರುತ್ತದೆ, ಅವಸರದವರು ಅದನ್ನೇ ಒತ್ತುತ್ತಾರೆ. ಸರಿಯಾದ ಉತ್ತರ 48. ನಿಧಾನ ಬಂದ ದಾರಿಯಲ್ಲಿ ಹೆಚ್ಚು ಹೊತ್ತು ಕಳೆದಿದ್ದೀರಿ, ಹಾಗಾಗಿ ಸರಾಸರಿ ನಿಧಾನದ ಕಡೆಗೆ ವಾಲುತ್ತದೆ. ಇಂಥದ್ದನ್ನು ಒಮ್ಮೆ ಅರ್ಥ ಮಾಡಿಕೊಂಡು, ಇಪ್ಪತ್ತು ಸಲ ಮಾಡಿ, ಗಡಿಯಾರ ಇಟ್ಟುಕೊಂಡು ಮತ್ತೆ ಇಪ್ಪತ್ತು ಸಲ ಮಾಡಿದರೆ ಮಾತ್ರ ಆ ಒಂದು ನಿಮಿಷದಲ್ಲಿ ಕೈಗೆ ಬರುತ್ತದೆ. ಸೂತ್ರ ಬಾಯಿಪಾಠ ಮಾಡಿದರೆ ಬರುವುದಿಲ್ಲ. ಆರ್.ಎಸ್. ಅಗರ್ವಾಲ್ ಅವರ ದಪ್ಪ ಪುಸ್ತಕ ಎಲ್ಲರ ಮನೆಯಲ್ಲೂ ಉಂಟು, ಮೊದಲ ನಲವತ್ತು ಪುಟದ ಮೇಲೆ ಮಾತ್ರ ಬೆರಳಿನ ಗುರುತು. ಅದನ್ನು ಮೊದಲಿನಿಂದ ಕೊನೆವರೆಗೆ ಓದಬೇಕಾಗಿಲ್ಲ. ಮೇಲೆ ಹೇಳಿದ ಐದಾರು ಅಧ್ಯಾಯಗಳನ್ನು ಮುಗಿಸಿದರೆ ಅರ್ಧ ಯುದ್ಧ ಗೆದ್ದಂತೆ.

ಸ್ವಲ್ಪ ಇಂಗ್ಲಿಷಿನ ಬಗ್ಗೆ. ಮನೆಯಲ್ಲಿ ಬ್ಯಾರಿ, ಅಂಗಡಿಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಮದ್ರಸದಲ್ಲಿ ಅರಬಿ ಅಕ್ಷರ ಕಲಿತ ಮಕ್ಕಳಿಗೆ ಇನ್ನೊಂದು ಭಾಷೆ ದೊಡ್ಡ ವಿಷಯವಲ್ಲ. ದಿನಾ ಒಂದು ಪುಟ ಇಂಗ್ಲಿಷ್ ಪತ್ರಿಕೆ ಓದಿದರೆ ಸಾಕು, ಅದಕ್ಕೆ ಕೋಚಿಂಗ್ ಬೇಡ.

ಈಗ ಕೋಡಿಂಗ್. ಸಂಬಳದ ವ್ಯತ್ಯಾಸ ಆಗುವುದು ಇಲ್ಲೇ. ಟಿಸಿಎಸ್‌ನಲ್ಲಿ ಒಂದೇ ಪರೀಕ್ಷೆಯ ಆಧಾರದ ಮೇಲೆ ನಿಂಜಾ, ಡಿಜಿಟಲ್, ಪ್ರೈಮ್ ಎಂದು ಮೂರು ದರ್ಜೆ ಮಾಡುತ್ತಾರೆ. ನಿಂಜಾಗೆ ವರ್ಷಕ್ಕೆ ಮೂರೂವರೆ ಲಕ್ಷದ ಆಸುಪಾಸು, ಡಿಜಿಟಲ್‌ಗೆ ಏಳು ಲಕ್ಷದ ಆಸುಪಾಸು. ಒಂದೇ ಕಾಲೇಜು, ಒಂದೇ ಬೆಂಚು, ಕೋಡಿಂಗ್ ಬಂದವನಿಗೆ ದುಪ್ಪಟ್ಟು.

ನಮ್ಮ ಮಕ್ಕಳು ಕೋಡಿಂಗ್ ಓದುತ್ತಾರೆ, ಮಾಡುವುದಿಲ್ಲ. ಲ್ಯಾಬ್ ಪರೀಕ್ಷೆಗೆ ಹತ್ತು ಪ್ರೋಗ್ರಾಂ ಬಾಯಿಪಾಠ ಮಾಡಿ ಬರೆದು ಪಾಸಾಗುತ್ತಾರೆ. ಕಂಪನಿಯ ಟೆಸ್ಟಿನಲ್ಲಿ ಪ್ರಶ್ನೆ ಚೂರು ತಿರುಗಿಸಿದರೆ ಕೈ ಓಡುವುದಿಲ್ಲ. ಒಂದು ಸಾದಾ ಉದಾಹರಣೆ ಕೊಡುತ್ತೇನೆ. ಕೆಲವು ಸಂಖ್ಯೆ ಕೊಟ್ಟು, ಅದರಲ್ಲಿ ಎರಡನೇ ದೊಡ್ಡ ಸಂಖ್ಯೆ ಯಾವುದೆಂದು ಹುಡುಕುವ ಪ್ರೋಗ್ರಾಂ ಬರೆಯಬೇಕು. ಹುಡುಗ ಬರೆಯುತ್ತಾನೆ, 3, 8, 5 ಕೊಟ್ಟು ನೋಡುತ್ತಾನೆ, 5 ಬರುತ್ತದೆ, ಖುಷಿ. ಆದರೆ ಟೆಸ್ಟಿನವರು ಅವನಿಗೆ ತೋರಿಸದೆ ಬೇರೆ ಸಂಖ್ಯೆ ಹಾಕಿ ನೋಡುತ್ತಾರೆ. 9, 9, 7 ಹಾಕಿದರೆ ಅವನ ಪ್ರೋಗ್ರಾಂ ಮತ್ತೆ 9 ಎನ್ನುತ್ತದೆ. ಎಲ್ಲವೂ ಸೊನ್ನೆಗಿಂತ ಕಡಿಮೆಯ ಸಂಖ್ಯೆಗಳಾದರೆ 0 ಎನ್ನುತ್ತದೆ, ಯಾಕೆಂದರೆ ಅವನು ಶುರುವಿನಲ್ಲಿ ದೊಡ್ಡದು ಎಂದರೆ 0 ಎಂದು ಇಟ್ಟುಕೊಂಡಿದ್ದ. ಒಂದೇ ಒಂದು ಸಂಖ್ಯೆ ಕೊಟ್ಟರೆ ಪ್ರೋಗ್ರಾಂ ನಿಂತೇ ಹೋಗುತ್ತದೆ. ಅಧಿಕ ವರ್ಷದ ಪ್ರಶ್ನೆಯೂ ಹಾಗೆಯೇ: ನಾಲ್ಕರಿಂದ ಭಾಗಿಸಿದರೆ ಮುಗಿಯಿತು ಎಂದುಕೊಂಡವನಿಗೆ 1900 ಅಧಿಕ ವರ್ಷ ಅಲ್ಲ, 2000 ಹೌದು ಎಂಬುದು ಹೊಳೆಯುವುದಿಲ್ಲ. ಬರೆದದ್ದನ್ನು ತಾನೇ ಮುರಿಯಲು ನೋಡುವ ಅಭ್ಯಾಸ ಬೇಕು. ವೆಲ್ಡಿಂಗ್ ಮಾಡಿದವನು ಸುತ್ತಿಗೆಯಿಂದ ತಟ್ಟಿ ನೋಡುವುದಿಲ್ಲವೇ, ಅದೇ ಥರ.

ಇನ್ನೊಂದು ವಿಷಯ ವೇಗ. ಒಂದು ಲಕ್ಷ ಸಂಖ್ಯೆಗಳಿವೆ, ಅದರಲ್ಲಿ ಕೂಡಿಸಿದರೆ 500 ಬರುವ ಎರಡನ್ನು ಹುಡುಕು ಎಂದು ಕೇಳುತ್ತಾರೆ ಎಂದುಕೊಳ್ಳಿ. ಒಂದೊಂದನ್ನೂ ಉಳಿದ ಎಲ್ಲದರ ಜೊತೆ ಕೂಡಿಸಿ ನೋಡುತ್ತೇನೆಂದರೆ ಸುಮಾರು 500 ಕೋಟಿ ಜೋಡಿಗಳಾಗುತ್ತವೆ. ಕಂಪ್ಯೂಟರ್ ಸೆಕೆಂಡಿಗೆ ಅಂದಾಜು ಹತ್ತು ಕೋಟಿ ಸಣ್ಣ ಹೆಜ್ಜೆ ಇಟ್ಟರೂ ಐವತ್ತು ಸೆಕೆಂಡು ಬೇಕು. ಟೆಸ್ಟಿನಲ್ಲಿ ಕೊಡುವುದು ಒಂದೋ ಎರಡೋ ಸೆಕೆಂಡು. ಉತ್ತರ ಸರಿ ಇದ್ದರೂ "ಟೈಮ್ ಔಟ್" ಎಂದು ಕೆಂಪು ಬರುತ್ತದೆ. ಅದರ ಬದಲು ಸಂಖ್ಯೆಗಳನ್ನು ಮೊದಲು ಸಣ್ಣದರಿಂದ ದೊಡ್ಡದಕ್ಕೆ ಜೋಡಿಸಿ, ಒಂದು ಬೆರಳು ಈ ಕೊನೆಯಲ್ಲಿ, ಒಂದು ಬೆರಳು ಆ ಕೊನೆಯಲ್ಲಿ ಇಡಬೇಕು. ಎರಡರ ಮೊತ್ತ ಹೆಚ್ಚಾದರೆ ದೊಡ್ಡ ಕಡೆಯ ಬೆರಳು ಒಂದು ಹೆಜ್ಜೆ ಒಳಗೆ, ಕಡಿಮೆಯಾದರೆ ಸಣ್ಣ ಕಡೆಯದು ಒಂದು ಹೆಜ್ಜೆ ಒಳಗೆ. ಜೋಡಿಸಲು ಹದಿನೇಳು ಲಕ್ಷದಷ್ಟು ಹೆಜ್ಜೆ, ಹುಡುಕಲು ಹೆಚ್ಚೆಂದರೆ ಒಂದು ಲಕ್ಷ. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯಿತು. ಈ ಒಂದು ಉಪಾಯದಿಂದ ಹತ್ತಾರು ಪ್ರಶ್ನೆ ಬಿಡಿಸಬಹುದು. ಇಂಥ ಉಪಾಯಗಳು ಇಪ್ಪತ್ತೋ ಮೂವತ್ತೋ ಇರಬಹುದು, ಸಾವಿರ ಇಲ್ಲ. ಹ್ಯಾಕರ್‌ರ್‍ಯಾಂಕ್, ಲೀಟ್‌ಕೋಡ್‌ನಲ್ಲಿ ದಿನಾ ಒಂದು ಪ್ರಶ್ನೆ ಬಿಡಿಸಿದರೆ ವರ್ಷದೊಳಗೆ ಇವೆಲ್ಲ ಎರಡೆರಡು ಸಲ ಕೈಯಲ್ಲಿ ಹಾದುಹೋಗುತ್ತವೆ. ಭಾಷೆ ಸಿ ಆಗಲಿ, ಜಾವಾ ಆಗಲಿ, ಪೈಥಾನ್ ಆಗಲಿ, ಒಂದನ್ನು ಹಿಡಿದುಕೊಂಡರೆ ಸಾಕು. ಮೂರರಲ್ಲೂ ಸರ್ಟಿಫಿಕೇಟ್ ತೆಗೆದುಕೊಂಡು ಒಂದರಲ್ಲೂ ಪ್ರೋಗ್ರಾಂ ಬರೆಯಲು ಬಾರದ ಮಕ್ಕಳನ್ನು ನೋಡಿ ನೋಡಿ ಸಾಕಾಗಿದೆ.

ಕಲಿಯಲು ದುಡ್ಡು ಬೇಕಾ? ಬೇಡ. ಎನ್‌ಪಿಟಿಇಎಲ್‌ನಲ್ಲಿ ಐಐಟಿ ಮೇಷ್ಟ್ರುಗಳ ಪಾಠ ಪುಕ್ಕಟೆ ಸಿಗುತ್ತದೆ. ಐಐಟಿ ಬಾಂಬೆಯವರ ಸ್ಪೋಕನ್ ಟ್ಯುಟೋರಿಯಲ್‌ನಲ್ಲಿ ಕನ್ನಡದಲ್ಲೂ ಪಾಠಗಳಿವೆ. ಇನ್ಫೋಸಿಸ್ ಸ್ಪ್ರಿಂಗ್‌ಬೋರ್ಡ್ ಕೂಡ ಪುಕ್ಕಟೆಯೇ. ಖರ್ಚು ಮಾಡಲೇಬೇಕೆಂದರೆ ಒಂದು ಲ್ಯಾಪ್‌ಟಾಪಿಗೆ ಮಾಡಿ. ಮುಂದಿನ ಸಲ ಊರಿಗೆ ಹೋಗುವಾಗ ಮಗ ಐಫೋನ್ ಕೇಳಿದರೆ, ಅದರ ಅರ್ಧ ರೇಟಿಗೆ ಲ್ಯಾಪ್‌ಟಾಪ್ ಬರುತ್ತದೆಂದು ಹೇಳಿ. ಫೋನಿನಲ್ಲಿ ಕೋಡಿಂಗ್ ಕಲಿತೆನೆನ್ನುವುದು ಕಾರಿನ ವಿಡಿಯೋ ನೋಡಿ ಲೈಸೆನ್ಸ್ ತೆಗೆಯಲು ಹೋದ ಹಾಗೆ.

ಒಂದು ಮಾತು ಒಪ್ಪಿಕೊಳ್ಳಬೇಕು. "ಪೈಪಿನಿಂದ ಟ್ಯಾಂಕು ಎಷ್ಟು ಹೊತ್ತಿಗೆ ತುಂಬುತ್ತದೆಂದು ಗೊತ್ತಿದ್ದರೆ ಸಾಫ್ಟ್‌ವೇರ್ ಬರೆಯಲು ಬರುತ್ತದಾ?" ಎಂದು ಮಕ್ಕಳು ಕೇಳುತ್ತಾರೆ. ಬರುವುದಿಲ್ಲ. ಸಾವಿರಾರು ಅರ್ಜಿ ಬಂದಾಗ ಕಂಪನಿಯವರಿಗೆ ಬೇಗ ಜರಡಿ ಹಿಡಿಯಲು ಏನೋ ಒಂದು ಬೇಕು, ಅದಕ್ಕೆ ಇದು. ಒಳ್ಳೆಯ ಕೆಲಸಗಾರ ಈ ಜರಡಿಯಲ್ಲಿ ಕೆಳಗೆ ಬೀಳುವುದೂ ಉಂಟು. ಒಳಗೆ ಹೋದ ಮೇಲೂ ನೆಮ್ಮದಿ ಇಲ್ಲ: 2025ರ ಫೆಬ್ರವರಿಯಲ್ಲಿ ಇನ್ಫೋಸಿಸ್‌ನ ಮೈಸೂರು ಕ್ಯಾಂಪಸ್‌ನಲ್ಲಿ ಮೂರು ಸಲ ಒಳಪರೀಕ್ಷೆ ಪಾಸಾಗಲಿಲ್ಲವೆಂದು ಮುನ್ನೂರಕ್ಕೂ ಹೆಚ್ಚು ಟ್ರೈನಿಗಳನ್ನು ಮನೆಗೆ ಕಳಿಸಿದ್ದನ್ನು ನಾವೆಲ್ಲ ಪೇಪರಿನಲ್ಲಿ ಓದಿದ್ದೇವೆ. ಆಫರ್ ಲೆಟರ್ ಕೈಯಲ್ಲಿ ಹಿಡಿದು ಎರಡು ವರ್ಷಕ್ಕೂ ಹೆಚ್ಚು ಕಾದ ಮಕ್ಕಳು ಅದರಲ್ಲಿದ್ದರು. ಅದು ಸರಿಯೆಂದು ನಾನು ಹೇಳಲಾರೆ.

ಆದರೂ ನಾನು ಈ ಟೆಸ್ಟಿನ ಪರವೇ ನಿಲ್ಲುತ್ತೇನೆ. ಕಾರಣ ಗಲ್ಫಿನಲ್ಲಿರುವ ನಮಗೆ ಚೆನ್ನಾಗಿ ಗೊತ್ತಿರುವ ಒಂದು ಶಬ್ದ, ವಾಸ್ತಾ. ಶಿಫಾರಸು ಇದ್ದವನಿಗೆ ಕೆಲಸ, ಇಲ್ಲದವನಿಗೆ ಬಿಸಿಲು. ಬೆಂಗಳೂರಿನ ಕಂಪನಿಗಳಲ್ಲಿ ಮ್ಯಾನೇಜರ್ ಆಗಿರುವ ಮಾವಂದಿರು ನಮ್ಮಲ್ಲಿ ಎಷ್ಟು ಮಂದಿಗಿದ್ದಾರೆ? ಉಪ್ಪ ಜುಬೈಲಿನಲ್ಲಿ ಡ್ರೈವರ್, ಮನೆಯಲ್ಲಿ ಹಿಂದೆ ಯಾರೂ ಡಿಗ್ರಿ ಮಾಡಿಲ್ಲ, ಅಂಥ ಹುಡುಗನಿಗೆ ಒಳಗೆ ಹೋಗಲು ಇರುವ ಬಾಗಿಲು ಇದೊಂದೇ. ಉತ್ತರ ಸರಿಯೋ ತಪ್ಪೋ ಎಂದು ನೋಡುವ ಕಂಪ್ಯೂಟರಿಗೆ ಹೆಸರು ಬೇಡ, ಊರು ಬೇಡ, ತಂದೆಯ ಕೆಲಸ ಬೇಡ. ಇಂಟರ್‌ವ್ಯೂನಲ್ಲಿ ಯಾರು ಹೇಗಿರುತ್ತಾರೋ ಹೇಳಲಾಗದು, ಈ ಮೊದಲ ರೌಂಡಿನಲ್ಲಿ ಮಾತ್ರ ಎಲ್ಲರೂ ಸಮಾನ. ವಾಸ್ತಾ ಇಲ್ಲದವರಿಗಾಗಿಯೇ ಇರುವಂಥ ಬಾಗಿಲಿಗೆ ತಯಾರಿ ಇಲ್ಲದೆ ಹೋಗುವುದು ನನಗೆ ತಡೆಯದ ಸಂಗತಿ. ಈಗ ಸೌದಿಗೆ ಬರುವ ಪ್ಲಂಬರ್, ಎಲೆಕ್ಟ್ರಿಷಿಯನ್, ವೆಲ್ಡರ್‌ಗಳಿಗೂ ಊರಲ್ಲೇ ಪರೀಕ್ಷೆ ಪಾಸಾಗಬೇಕೆಂಬ ನಿಯಮ ಬಂದಿದೆ. ಯಾವ ಕಡೆ ತಿರುಗಿದರೂ ಟೆಸ್ಟ್ ಉಂಟು.

ಈ ಬಾಗಿಲನ್ನು ದುಡ್ಡು ಕೊಟ್ಟು ತೆರೆಸುತ್ತೇವೆಂದು ಬರುವವರ ಬಗ್ಗೆ ಎಚ್ಚರಿಕೆ ಬೇಕು. "ಬ್ಯಾಕ್‌ಡೋರ್" ಎಂಬ ಹೆಸರಿನಲ್ಲಿ ಲಕ್ಷ, ಎರಡು ಲಕ್ಷ ಕೇಳುವವರು ಊರಲ್ಲೂ ಇದ್ದಾರೆ, ಟೆಲಿಗ್ರಾಂನಲ್ಲೂ ಇದ್ದಾರೆ. ನೇಮಕಕ್ಕೆ ನಾವು ಯಾರಿಂದಲೂ ದುಡ್ಡು ತೆಗೆದುಕೊಳ್ಳುವುದಿಲ್ಲ ಎಂದು ದೊಡ್ಡ ಕಂಪನಿಗಳು ತಾವೇ ಪ್ರಕಟಿಸಿವೆ. ಆಫರ್ ಲೆಟರ್ ಜಿಮೇಲ್ ವಿಳಾಸದಿಂದ ಬಂದರೆ, "ಸೆಕ್ಯೂರಿಟಿ ಡೆಪಾಸಿಟ್" ಕೇಳಿದರೆ, ಅಲ್ಲಿಗೇ ಬಿಟ್ಟುಬಿಡಿ. ಹಿಂದೆ ವೀಸಾ ಏಜೆಂಟರ ಕೈಯಲ್ಲಿ ಸುಟ್ಟುಕೊಂಡವರು ನಮ್ಮಲ್ಲಿ ಕಡಿಮೆಯಿಲ್ಲ. ಅದೇ ಅಂಗಡಿ ಈಗ ಬೋರ್ಡ್ ಬದಲಿಸಿದೆ. ಸೇರುವಾಗ ಒರಿಜಿನಲ್ ಮಾರ್ಕ್ಸ್ ಕಾರ್ಡ್ ಇಟ್ಟುಕೊಳ್ಳುತ್ತೇವೆ ಎನ್ನುವ ಸಣ್ಣಪುಟ್ಟ ಕಂಪನಿಗಳೂ ಇವೆ. ಪಾಸ್‌ಪೋರ್ಟ್ ಇನ್ನೊಬ್ಬರ ಕಪಾಟಿನಲ್ಲಿದ್ದಾಗ ಏನಾಗುತ್ತದೆಂದು ಗೊತ್ತಿರುವ ನಾವು ಮಕ್ಕಳಿಗೆ ಅದನ್ನು ಬಿಡಿಸಿ ಹೇಳಬೇಕು.

ಇನ್ನು ಉತ್ತರವನ್ನು ಎಐ ಹತ್ತಿರ ಬರೆಸಿಕೊಂಡು ಪಾಸಾಗುವ ಉಪಾಯ. ಮನೆಯಿಂದ ಬರೆಯುವ ಟೆಸ್ಟಿನಲ್ಲಿ ಕ್ಯಾಮೆರಾ ಆನ್ ಇರುತ್ತದೆ, ಬೇರೆ ಕಿಟಕಿ ತೆರೆದರೆ ಗೊತ್ತಾಗುತ್ತದೆ. ಹೇಗೋ ದಾಟಿದರೂ ಇಂಟರ್‌ವ್ಯೂನಲ್ಲಿ ಅದೇ ಪ್ರೋಗ್ರಾಂ ಮುಂದಿಟ್ಟು "ಈ ಸಾಲು ಯಾಕೆ ಬರೆದೆ?" ಎಂದು ಕೇಳುತ್ತಾರೆ. ಅಲ್ಲಿ ನಾಲಿಗೆ ಒಣಗುತ್ತದೆ. ಮನೆಯ ಟೆಸ್ಟಿನದ್ದೇ ಇನ್ನೊಂದು ರಗಳೆ, ಕರೆಂಟು. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಯಾವಾಗ ಹೋಗುತ್ತದೆ ಎಂದು ಹೇಳುವ ಹಾಗಿಲ್ಲ. ಲ್ಯಾಪ್‌ಟಾಪ್ ಫುಲ್ ಚಾರ್ಜ್, ಬೇರೆ ಬೇರೆ ಕಂಪನಿಯ ಸಿಮ್ ಇರುವ ಎರಡು ಫೋನ್ ಇಟ್ಟುಕೊಂಡು ಕೂರಲಿ. ನೆಟ್ ಸಿಗದ ಮನೆಯಾದರೆ ಹಿಂದಿನ ದಿನವೇ ಪೇಟೆಯ ಸಂಬಂಧಿಕರ ಮನೆಗೆ ಹೋಗಲಿ.

ಹೆಣ್ಣುಮಕ್ಕಳ ವಿಷಯ ಬಿಟ್ಟರೆ ಈ ಲೇಖನ ಅರ್ಧವೇ. ಕ್ಲಾಸಿನಲ್ಲಿ ಮುಂದಿರುವವರು ಎಷ್ಟೋ ಕಡೆ ಅವರೇ. ಟೆಸ್ಟ್ ಬಂದಾಗ ಮಾತ್ರ "ಪುಣೆಗೆ ಹಾಕಿದರೆ ಕಳಿಸ್ಲಿಕ್ಕೆ ಆಗುದಿಲ್ಲ, ಮತ್ತೆ ಬರೆಯುದು ಯಾಕೆ?" ಎನ್ನುತ್ತೇವೆ. ಟೆಸ್ಟ್ ಬರೆದ ಮಾತ್ರಕ್ಕೆ ಪುಣೆಗೆ ಹೋಗಲೇಬೇಕೆಂದು ಯಾರೂ ಹೇಳಿಲ್ಲ. ಮಂಗಳೂರಿನ ಹತ್ತಿರ ಮುಡಿಪುವಿನಲ್ಲೇ ಇನ್ಫೋಸಿಸ್ ಇದೆ, ನಗರದಲ್ಲಿ ಸಣ್ಣ ದೊಡ್ಡ ಕಂಪನಿಗಳಿವೆ. ಆಫರ್ ಕೈಗೆ ಬಂದ ಮೇಲೆ ಮನೆಯವರು ಕೂತು ಮಾತಾಡಲಿ. ಬಾರದೇ ಇರುವ ಆಫರಿಗೆ ಮೊದಲೇ ಬೇಡ ಎನ್ನುವುದು ಯಾವ ನ್ಯಾಯ?

ಎರಡು ಡ್ರೈವ್‌ನಲ್ಲಿ ಆಗಲಿಲ್ಲವೆಂದ ಕೂಡಲೇ ಮಗನನ್ನು ವಿಸಿಟ್ ವೀಸಾದಲ್ಲಿ ಇಲ್ಲಿಗೆ ಕರೆಸುವುದು ನಮ್ಮ ಅಭ್ಯಾಸ. ಇಲ್ಲಿ ಐಟಿ ಕೆಲಸಕ್ಕೆ ಎರಡು ಮೂರು ವರ್ಷದ ಅನುಭವ ಕೇಳುವವರೇ ಹೆಚ್ಚು. ಅನುಭವ ಇಲ್ಲದ ಇಂಜಿನಿಯರ್ ಕೊನೆಗೆ ಮೊಬೈಲ್ ಅಂಗಡಿಯ ಕೌಂಟರಿನಲ್ಲಿ ನಿಲ್ಲುತ್ತಾನೆ. ಕೌಂಟರ್ ಕೆಲಸ ಕೀಳೆಂದು ನಾನು ಹೇಳುವುದಿಲ್ಲ, ಅದಕ್ಕೆ ನಾಲ್ಕು ವರ್ಷದ ಫೀಸು ಬೇಕಿರಲಿಲ್ಲ ಅಷ್ಟೇ. ಕ್ಯಾಂಪಸ್ ಮುಗಿದರೂ ಆಫ್ ಕ್ಯಾಂಪಸ್ ಟೆಸ್ಟುಗಳು ನಡೆಯುತ್ತಲೇ ಇರುತ್ತವೆ. ಡಿಗ್ರಿ ಮುಗಿದ ಮೇಲೆ ಒಂದು ವರ್ಷ ಅವನಿಗೆ ಕೊಡಿ. ಆದರೆ ಆ ವರ್ಷ ಅವನು ಏನು ಮಾಡುತ್ತಿದ್ದಾನೆಂದು ಕೇಳುತ್ತಲೂ ಇರಿ. "ಹೇಗೆ ಓದ್ತಾ ಇದ್ದೀಯಾ?" ಎಂದು ಕೇಳಿದರೆ "ಆಯ್ತುಪ್ಪ, ಓದ್ತಾ ಇದ್ದೇನೆ" ಎಂದು ಮುಗಿಸುತ್ತಾನೆ. "ಇವತ್ತು ಎಂತ ಪ್ರಶ್ನೆ ಬಿಡಿಸಿದಿ, ನನಗೆ ಅರ್ಥ ಆಗುವ ಹಾಗೆ ಹೇಳು" ಎಂದು ಕೇಳಿ. ನಿಮಗೆ ಕೋಡಿಂಗ್ ಗೊತ್ತಿರಬೇಕಾಗಿಲ್ಲ. ಬಿಡಿಸಿದವನಿಗೆ ಹೇಳಲು ಬರುತ್ತದೆ, ಬಿಡಿಸದವನು ಫೋನ್ ಉಮ್ಮನ ಕೈಗೆ ಕೊಡುತ್ತಾನೆ.

ಕೊನೆಗೆ ನಮ್ಮ ಸಂಘಟನೆಯವರ ಹತ್ತಿರ ಒಂದು ಬೇಡಿಕೆ. ನಮ್ಮ ಒಂದೊಂದು ಘಟಕದಲ್ಲೂ ಐಟಿಯಲ್ಲಿ, ಇಂಜಿನಿಯರಿಂಗ್‌ನಲ್ಲಿ ಇರುವ ಒಬ್ಬಿಬ್ಬರಾದರೂ ಸಿಗುತ್ತಾರೆ. ತಿಂಗಳಿಗೆ ಎರಡು ಶುಕ್ರವಾರ, ಸೌದಿ ಸಮಯ ಸಂಜೆ 5 ಗಂಟೆ ಎಂದರೆ ಊರಲ್ಲಿ ಏಳೂವರೆ. ಆ ಹೊತ್ತಿಗೆ ಆನ್‌ಲೈನಿನಲ್ಲಿ ಊರಿನ ಐದೈದು ಮಕ್ಕಳನ್ನು ಕೂರಿಸಿ, ಗಡಿಯಾರ ಇಟ್ಟು ಇಪ್ಪತ್ತು ಲೆಕ್ಕ, ಒಂದು ಪ್ರೋಗ್ರಾಂ, ಆಮೇಲೆ ಹತ್ತು ನಿಮಿಷ ಇಂಗ್ಲಿಷಿನಲ್ಲಿ ಇಂಟರ್‌ವ್ಯೂ. ಇದಕ್ಕೆ ಹಾಲ್ ಬೇಡ, ಬ್ಯಾನರ್ ಬೇಡ, ಬಿರಿಯಾನಿಯೂ ಬೇಡ. ನಮ್ಮ ಘಟಕದಿಂದ ನಾನು ಒಂದು ಗಂಟೆ ಕೊಡುತ್ತೇನೆ. ಕ್ಯಾಂಪಸ್ ಸೀಸನ್‌ಗೆ ಮುಂಚೆ ಹತ್ತು ಸಲವಾದರೂ ಕೂರಲು ಸಿಗಬೇಕಾದರೆ ಫೆಬ್ರವರಿಯಲ್ಲೇ ಶುರು ಮಾಡಬೇಕು.